ಭೂಮಣ್ಣಿ ಬುಟ್ಟಿಗೆ ಚಿತ್ತಾರ: ದಶಮಿಯಿಂದ ಹುಣ್ಣಿಮೆಯವರೆಗಿನ ಕೆಲಸದ ಟಿಪ್ಪಣಿ

ಬುಟ್ಟಿ ಬಹುಮಟ್ಟಿಗೆ ಸಿದ್ಧವಾಗಿದೆ. ಬಾಯಿಯ ಅಗಲ 14 ಅಂಗುಲ, ಬುಡದ ಅಗಲ 10, ಎತ್ತರ 11. ಬಿದಿರಿನ ಮೈಗೆ ಮೊದಲು ಸಗಣಿ, ಅದರ ಮೇಲೆ ಕೆಮ್ಮಣ್ಣು, ಕೆಮ್ಮಣ್ಣಿನ ಮೇಲೆ ಅಕ್ಕಿಯ ಬಿಳಿ. ಅಲ್ಲಲ್ಲಿ ಸುಟ್ಟ ಅಕ್ಕಿಯ ಕಪ್ಪು, ಒಂದು ಕಡೆ ಅರಿಶಿನ. ದೃಶ್ಯಕಲೆಯ ಮೊದಲ ವರ್ಷದವರಿಗೆ ದಸರಾ ರಜೆಯಲ್ಲಿ ಕೊಟ್ಟ ಕೆಲಸ ಇದು: ಮನೆಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಒಂದು ಕಲೆಯನ್ನು ಆರಿಸಿಕೊಂಡು, ಒಂದು ವಸ್ತುವನ್ನು ಮೊದಲಿನಿಂದ ಕೊನೆಯವರೆಗೆ ಸ್ವಂತ ಕೈಯಿಂದ ಮಾಡಿ, ಮಾಡಿದ್ದನ್ನೆಲ್ಲ ಬರೆದಿಡಬೇಕು. ತರಗತಿಯಲ್ಲಿ ಕೆಲವರು ರಂಗೋಲಿ ತೆಗೆದುಕೊಂಡರು, ಕೆಲವರು ಕಸೂತಿ, ಒಬ್ಬರು ಕೌದಿ. ನಾನು ಭೂಮಣ್ಣಿ ಬುಟ್ಟಿ ಎಂದು ಹೆಸರು ಬರೆಸಿದೆ. ಇದರಲ್ಲಿ ಅಂಗಡಿಯ ಬಣ್ಣದ ಮಾತೇ ಇಲ್ಲ. ಬಣ್ಣ, ಕುಂಚ, ಚಿತ್ರ ಬರೆಯುವ ಮೈ, ಮೂರನ್ನೂ ನಾವೇ ಮಾಡಿಕೊಳ್ಳಬೇಕು. ನನಗೆ ಕಲಿಯಬೇಕಿದ್ದದ್ದು ಅದೇ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಆಶ್ವಯುಜ ಮಾಸದ ಹುಣ್ಣಿಮೆಯನ್ನು ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ ಎನ್ನುತ್ತಾರೆ. ಶೀಗೆ ಹುಣ್ಣಿಮೆ ಎಂಬ ಹೆಸರೂ ಅದಕ್ಕಿದೆ. ಆ ಹೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆ ತುಂಬಿರುತ್ತದೆ, ಎಂದರೆ ತೆನೆ ಇನ್ನೂ ಒಳಗೇ ಇರುತ್ತದೆ. ಭೂಮಿತಾಯಿ ಬಸುರಿ ಎಂದು ಭಾವಿಸಿ, ಅವಳ ಬಯಕೆ ತೀರಿಸಲು ಬಗೆಬಗೆಯ ಅಡುಗೆ ಮಾಡಿ ಗದ್ದೆಗೆ ಹೊತ್ತೊಯ್ಯುತ್ತಾರೆ. ಆ ಅಡುಗೆ ಹೋಗುವುದು ಭೂಮಣ್ಣಿ ಬುಟ್ಟಿಯಲ್ಲಿ. ಸಾಗರ, ಸೊರಬ, ಹೊಸನಗರ ತಾಲ್ಲೂಕುಗಳ ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಈ ಬುಟ್ಟಿಗೆ ಚಿತ್ತಾರ ಬರೆಯುತ್ತಾರೆ. ಮದುವೆ ಮನೆಯ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವವರೂ ಅವರೇ.

ಸಹಪಾಠಿಯೊಬ್ಬಳ ಊರು ಸಾಗರ ತಾಲ್ಲೂಕಿನಲ್ಲಿದೆ. ಅವಳ ತಾಯಿ ಪ್ರತಿವರ್ಷ ಬುಟ್ಟಿ ಬರೆಯುತ್ತಾರೆ. ಗೆಳತಿಯಂತೆ ನಾನೂ ಅವರನ್ನು ಅಮ್ಮ ಎಂದೇ ಕರೆಯುತ್ತೇನೆ. ಹಬ್ಬದ ಬುಟ್ಟಿಯನ್ನು ಅಮ್ಮ ಬರೆದರು. ನಾನು ಪಕ್ಕದಲ್ಲಿ ಕುಳಿತು ನನ್ನದನ್ನು ಬರೆದೆ. ಈ ಟಿಪ್ಪಣಿಯಲ್ಲಿ ಇರುವುದು ನನ್ನ ಬುಟ್ಟಿಯ ಕಥೆ. ಕೆಡಿಸಿದ್ದನ್ನು ಬಿಡದೆ ಬರೆದಿದ್ದೇನೆ, ಏಕೆಂದರೆ ಮುಂದೆ ಮಾಡುವವರಿಗೆ ಬೇಕಾಗುವುದು ಅದೇ.

ನವರಾತ್ರಿಯ ದಿನಗಳು: ಸಾಮಾನು

ಬುಟ್ಟಿಗಳನ್ನು ಸಂತೆಯಲ್ಲಿ ಮೇದಾರರಿಂದ ಕೊಂಡೆವು. ದೊಡ್ಡದಕ್ಕೆ 280 ರೂಪಾಯಿ, ಚಿಕ್ಕದಕ್ಕೆ 120. ಹಬ್ಬಕ್ಕೆ ದೊಡ್ಡ ಬುಟ್ಟಿಯ ಜೊತೆ ಚಿಕ್ಕದೊಂದು ಇರುವುದು ವಾಡಿಕೆ. ನಾನು ಚಿಕ್ಕದನ್ನು ಪ್ರಯೋಗಕ್ಕೆ ಇಟ್ಟುಕೊಂಡೆ. ಕೊಳ್ಳುವಾಗ ನೋಡಬೇಕಾದದ್ದು ಎರಡು. ಬಿದಿರು ಒಣಗಿರಬೇಕು, ಹಸಿ ಬಿದಿರಿನ ಬುಟ್ಟಿ ಮನೆಗೆ ಬಂದ ಮೇಲೆ ಕುಗ್ಗುತ್ತದೆ, ಬಳಿದದ್ದು ಬಿರಿಯುತ್ತದೆ. ಹೆಣಿಗೆ ಬಿಗಿಯಾಗಿರಬೇಕು. ಅಮ್ಮ ಬುಟ್ಟಿಯನ್ನು ಬೆಳಕಿಗೆ ಎತ್ತಿ ಹಿಡಿದು, ಸಂದಿಗಳಿಂದ ಎಷ್ಟು ಬೆಳಕು ಬರುತ್ತದೆಂದು ನೋಡಿ, ಎರಡು ಬುಟ್ಟಿಗಳನ್ನು ವಾಪಸ್ಸು ಕೊಟ್ಟು ಮೂರನೆಯದನ್ನು ಆರಿಸಿದರು.

ಕೆಮ್ಮಣ್ಣು ಮನೆಯ ಹಿಂದಿನ ಧರೆಯಿಂದ, ಎಂದರೆ ಕಡಿದ ಮಣ್ಣಿನ ದಿಬ್ಬದಿಂದ ಬಂತು. ಮೇಲಿನ ಒಂದಡಿಯಲ್ಲಿ ಬೇರು, ದರಕು, ಇರುವೆ ಗೂಡು. ಅದನ್ನು ಬಿಟ್ಟು ಒಳಗಿನ, ಬೆರಳಿನಿಂದ ತಿಕ್ಕಿದರೆ ಕೈಗೆ ಕೆಂಪು ಹತ್ತುವ ಮಣ್ಣನ್ನು ಕುಡುಗೋಲಿನ ತುದಿಯಿಂದ ಕೆರೆದು ಅರ್ಧ ಬಕೆಟ್ ತುಂಬಿಸಿಕೊಂಡೆ.

ಕುಂಚಕ್ಕೆ ಪುಂಡಿ ನಾರು. ಸೊಪ್ಪನ್ನು ಅಡುಗೆಗೆ ಕೊಯ್ದುಕೊಂಡ ಗಿಡದ ಕಾಂಡವನ್ನು ನೀರಿನಲ್ಲಿ ಕೊಳೆಸಿ, ಸಿಪ್ಪೆ ಸುಲಿದು, ತೊಳೆದು ಒಣಗಿಸಿದರೆ ನಾರು. ಅಮ್ಮ ಹಿಂದಿನ ವರ್ಷದ್ದನ್ನು ಸಿಂಬೆ ಸುತ್ತಿ ಅಟ್ಟದಲ್ಲಿ ಇಟ್ಟಿದ್ದರು. ನಾನು ಊರಿಂದ ಬರುವಾಗ ಸೊನ್ನೆ ನಂಬರಿನ ಕುಂಚವೊಂದನ್ನು 40 ರೂಪಾಯಿ ಕೊಟ್ಟು ತಂದಿದ್ದೆ. ಅದರ ಗತಿ ಮುಂದೆ ಹೇಳುತ್ತೇನೆ. ಜಾಲಿ ಅಂಟು 30 ರೂಪಾಯಿ, ಸುಣ್ಣ 15.

ನವಮಿಯ ದಿನ ಕತ್ತಿ, ಕುಡುಗೋಲು, ಒರಳು ಎಲ್ಲವೂ ಪೂಜೆಯಲ್ಲಿ. ಪೂಜೆಗೆ ಇಟ್ಟದ್ದನ್ನು ಅಂದು ಮುಟ್ಟುವಂತಿಲ್ಲ. ಕೆಲಸ ಶುರುವಾಗುವುದೇ ವಿಜಯದಶಮಿಯಂದು. ಹುಣ್ಣಿಮೆ ಐದು ದಿನ ದೂರ.

ದಶಮಿ: ಮಣ್ಣು ತೆಳೆಯುವುದು, ಸಗಣಿ ಬಳಿಯುವುದು

ಮಣ್ಣನ್ನು ಕುಟ್ಟಿ, ಹಿಟ್ಟಿನ ಜರಡಿಯಲ್ಲಿ ಜರಡಿ ಹಿಡಿದು, ನೀರಿಗೆ ಕಲಸಿ ಚಿಕ್ಕ ಬುಟ್ಟಿಗೆ ಬಳಿದು ನೋಡಿದೆ. ಬಣ್ಣ ಚೆನ್ನಾಗಿತ್ತು, ಮೈ ಮರಳಾಗಿತ್ತು. ಅದರ ಮೇಲೆ ಕುಂಚ ಎಳೆದರೆ ಒಂದೊಂದು ಕಣಕ್ಕೂ ಎಡವಿ ಎಳೆ ತುಂಡಾಯಿತು. ಜರಡಿಯಿಂದ ದೊಡ್ಡ ಕಲ್ಲು ಹೋಗುತ್ತದೆ, ನುಣ್ಣನೆಯ ಮರಳು ಹೋಗುವುದಿಲ್ಲ. ಅದನ್ನು ತೆಗೆಯುವುದು ನೀರಿನ ಕೆಲಸ. ಮಣ್ಣು ತೆಳೆಯುವುದು ಎಂದರೆ ಇದೇ.

ಒಂದು ಪಾಲು ಮಣ್ಣಿಗೆ ನಾಲ್ಕು ಪಾಲು ನೀರು ಹಾಕಿ ಕೈಯಿಂದ ಜೋರಾಗಿ ಕಲಕಬೇಕು. ಸುಮಾರು ಅರ್ಧ ನಿಮಿಷ ಬಿಟ್ಟರೆ ಮರಳು ತಳಕ್ಕೆ ಕೂರುತ್ತದೆ, ಬಣ್ಣದ ಮಣ್ಣು ನೀರಿನಲ್ಲಿ ತೇಲುತ್ತಿರುತ್ತದೆ. ಆ ಕೆಂಪು ನೀರನ್ನು ತಳ ಕದಡದಂತೆ ಇನ್ನೊಂದು ಪಾತ್ರೆಗೆ ಬಗ್ಗಿಸಿ, ಉಳಿದದ್ದಕ್ಕೆ ಮತ್ತೆ ನೀರು ಹಾಕಿ ಇದನ್ನೇ ಮಾಡಬೇಕು. ಬಗ್ಗಿಸಿದ್ದನ್ನು ರಾತ್ರಿಯಿಡೀ ಅಲ್ಲಾಡಿಸದೆ ಇಟ್ಟರೆ ಬೆಳಿಗ್ಗೆ ಮೇಲೆ ತಿಳಿನೀರು, ಕೆಳಗೆ ಕೆಂಪು. ತಿಳಿಯನ್ನು ಚೆಲ್ಲಿದ ಮೇಲೆ ಉಳಿಯುವುದನ್ನು ಎರಡು ಬೆರಳುಗಳ ನಡುವೆ ಉಜ್ಜಿದರೆ ಒಂದು ಕಣವೂ ಸಿಗಬಾರದು. ಅರ್ಧ ಬಕೆಟ್ ಮಣ್ಣಿನಿಂದ ನನಗೆ ಸಿಕ್ಕಿದ್ದು ಸಣ್ಣ ಚೆಂಬಿನಷ್ಟು. ಬುಟ್ಟಿಗೆ ಅದು ಸಾಕಾಗಿ ಮಿಕ್ಕಿತು.

ಮಣ್ಣು ಕೂರಲು ಬಿಟ್ಟು, ಅಂದೇ ಸಗಣಿ ಬಳಿದೆ. ಮೇಯಲು ಹೋಗುವ ಹಸುವಿನ ಸಗಣಿಯೇ ಆಗಬೇಕೆಂದು ಅಮ್ಮ ಹೇಳಿದರು. ಹುಲ್ಲಿನ ನಾರು ಇರುವುದರಿಂದ ಬಿರಿಯುವುದು ಕಡಿಮೆ. ಎರಡು ಪಾಲು ಸಗಣಿ, ಒಂದು ಪಾಲು ಜರಡಿ ಹಿಡಿದ ಮಣ್ಣು. ಬುಟ್ಟಿಯ ಸಂದಿಗಳು ಒಂದೇ ಸಲಕ್ಕೆ ಮುಚ್ಚಲಿ ಎಂದು ಕಾಲು ಅಂಗುಲ ದಪ್ಪಕ್ಕೆ ಮೆತ್ತಿ, ಅಂಗಳದ ಬಿಸಿಲಿಗೆ ಇಟ್ಟೆ. ಸಂಜೆಯ ಹೊತ್ತಿಗೆ ಮೇಲ್ಮೈ ಒಣಗಿತ್ತು, ಒಳಗೆ ಹಸಿ ಇತ್ತು. ಬಾಯಿಯ ಸುತ್ತ ಉದ್ದುದ್ದ ಬಿರುಕು. ಒಂದು ಕಡೆ ಬೆರಳು ತಾಗಿಸಿದರೆ ಅಂಗೈ ಅಗಲದ ಹಪ್ಪಳ ಕಳಚಿ ಕೈಗೆ ಬಂತು. ಅದರ ಒಳಮೈ ನೋಡಿದೆ: ಬಿದಿರಿನ ಹೆಣಿಗೆಯ ಅಚ್ಚು ಸ್ಪಷ್ಟವಾಗಿ ಮೂಡಿತ್ತು, ಆದರೆ ಬಿದಿರಿಗೆ ಒಂದು ಚೂರೂ ಅಂಟಿರಲಿಲ್ಲ. ಬಿದಿರಿನ ಹೊರಸಿಪ್ಪೆ ನಯ; ಅದು ಒದ್ದೆ ಸಗಣಿಯನ್ನು ಹಿಡಿದುಕೊಳ್ಳುವುದಿಲ್ಲ.

ಏಕಾದಶಿ: ಕಿತ್ತು ಮತ್ತೆ ಬಳಿದದ್ದು

ಹಿಂದಿನ ದಿನದ್ದನ್ನೆಲ್ಲ ನೆನೆಸಿ ಕೆರೆದು ತೆಗೆದು, ಬುಟ್ಟಿ ತೊಳೆದೆ. ಈ ಸಲದ ಕ್ರಮ ಹೀಗೆ:

1. ಒರಟು ಕಲ್ಲಿನಿಂದ ಬಿದಿರಿನ ಹೊರಮೈಯನ್ನೆಲ್ಲ ಉಜ್ಜಿದೆ. ಬಾಯಿ ಕಟ್ಟಿದ ದಪ್ಪ ಸೀಳುಗಳ ಮೇಲೆ ಹೆಚ್ಚು ಹೊತ್ತು. ಹೊಳಪು ಹೋಗಿ ಬಿಳಿಚಿದ ಗೀರು ಕಾಣುವವರೆಗೆ.

2. ಬುಟ್ಟಿಗೆ ನೀರು ಚಿಮುಕಿಸಿ ಒದ್ದೆ ಮಾಡಿದೆ. ಒಣ ಬಿದಿರು ಸಗಣಿಯ ನೀರನ್ನು ಹೀರಿಕೊಂಡರೆ ಸಗಣಿ ಬುಡದಲ್ಲೇ ಪುಡಿಯಾಗುತ್ತದೆ.

3. ತೆಳ್ಳಗಿನ ಸಗಣಿಯನ್ನು ಅಂಗೈಯಿಂದ ತಿಕ್ಕಿ ಸಂದಿಗಳಿಗೆ ತುಂಬಿದೆ. ಬಿದಿರಿನ ಮೇಲೆ ಹೆಚ್ಚು ಉಳಿಸಲಿಲ್ಲ. ಸೀಳುಗಳು ಇನ್ನೂ ಕಾಣುತ್ತಿದ್ದವು. ದಪ್ಪ ಹೆಚ್ಚೆಂದರೆ ಎರಡು ಮಿಲಿಮೀಟರ್.

4. ಅಡುಗೆ ಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಒಣಗಲು ಇಟ್ಟೆ. ಮಲೆನಾಡಿನ ಈ ದಿನಗಳಲ್ಲಿ ಬಿಸಿಲನ್ನು ನಂಬುವಂತಿಲ್ಲ. ಮಧ್ಯಾಹ್ನ ಸುಡುತ್ತದೆ, ನಾಲ್ಕು ಗಂಟೆಗೆ ಮಳೆ. ಒಲೆಯ ಮೇಲಿನ ಬಿಸಿ ಸಮನಾಗಿ, ನಿಧಾನವಾಗಿ ಒಣಗಿಸುತ್ತದೆ.

ರಾತ್ರಿ ಎರಡನೆಯ ಸಲ ಇಷ್ಟೇ ತೆಳ್ಳಗೆ ಬಳಿದೆ. ದ್ವಾದಶಿಯ ಬೆಳಿಗ್ಗೆ ಬೆರಳಿನಿಂದ ತಟ್ಟಿ ನೋಡಿದರೆ ಎಲ್ಲಿಯೂ ಟೊಳ್ಳು ಸದ್ದು ಬರಲಿಲ್ಲ. ಟೊಳ್ಳು ಸದ್ದು ಬಂದರೆ ಅಲ್ಲಿ ಸಗಣಿ ಬಿದಿರನ್ನು ಬಿಟ್ಟಿದೆ ಎಂದರ್ಥ.

ದ್ವಾದಶಿ: ಕೆಂಪು, ಬಿಳಿ, ಕುಂಚ

ತೆಳೆದ ಕೆಮ್ಮಣ್ಣನ್ನು ಬಟ್ಟೆಯ ತುಂಡಿನಿಂದ ಎರಡು ಸಲ ಬಳಿದೆ. ಒಣಗಿದಾಗ ಕಣ್ಣಿಗೆ ಕೊರತೆ ಕಾಣಲಿಲ್ಲ. ಬಿಳಿಯ ಮೊದಲ ಎಳೆ ಎಳೆದಾಗ ಕೊರತೆ ಕಂಡಿತು: ಕೆಂಪು ಕರಗಿ ಕುಂಚಕ್ಕೆ ಹತ್ತಿ, ಒಂದು ಗೇಣು ಹೋಗುವಷ್ಟರಲ್ಲಿ ಬಿಳಿಯ ಎಳೆ ನಸುಗೆಂಪಾಯಿತು. ಕುಂಚವನ್ನು ಬಟ್ಟಲಿಗೆ ಅದ್ದಿದರೆ ಬಟ್ಟಲಿನ ಬಿಳಿಯೂ ಕೆಟ್ಟಿತು. ಮಣ್ಣಿಗೆ ಹಿಡಿತ ಇರಲಿಲ್ಲ.

ಜಾಲಿ ಅಂಟನ್ನು ನೆನೆಸಿ ಸೇರಿಸಿ ಚಿಕ್ಕ ಬುಟ್ಟಿಗೆ ಬಳಿದು ನೋಡಿದೆ. ಕೆಂಪು ಕರಗುವುದು ನಿಂತಿತು, ಆದರೆ ಅಂಟು ಹೆಚ್ಚಾದ ಕಡೆ ಹೊಳಪು ಬಂದು, ಬಿಳಿ ಅದರ ಮೇಲೆ ಹನಿಹನಿಯಾಗಿ ಕೂಡಿಕೊಂಡಿತು. ಅಮ್ಮ ಒಲೆಯ ಮೇಲಿನ ಅನ್ನದ ಪಾತ್ರೆಯಿಂದ ಒಂದು ಲೋಟ ಗಂಜಿ ತಿಳಿ ಬಸಿದು ಕೊಟ್ಟರು. "ಕೊನೆಯ ಕೈಗೆ ಇದನ್ನು ಹಾಕು. ಅಂಗಡಿಯ ಅಂಟು ಏಕೆ?" ಎಂದರು. ಮೂರನೆಯ ಸಲದ ಕೆಮ್ಮಣ್ಣನ್ನು ನೀರಿನ ಬದಲು ಗಂಜಿ ತಿಳಿಯಲ್ಲೇ ಕಲಸಿ ಬಳಿದೆ. ಒಣಗಿದ ಮೇಲೆ ಬೆರಳಿನಿಂದ ಉಜ್ಜಿದರೆ ಕೈಗೆ ಕೆಂಪು ಹತ್ತಲಿಲ್ಲ, ಮೈ ಹೊಳೆಯಲೂ ಇಲ್ಲ. ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಈ ಒಂದು ಲೋಟ ಗಂಜಿ ತಿಳಿ.

ಬಿಳಿಗೆ ಒಂದು ಪಾವು ಬೆಳ್ತಿಗೆ ಅಕ್ಕಿಯನ್ನು ರಾತ್ರಿ ನೆನೆಹಾಕಿದ್ದೆ. ಸಮಯ ಉಳಿಸಲು ಮಿಕ್ಸಿಯಲ್ಲಿ ಅರೆದದ್ದು ಸರಿಬರಲಿಲ್ಲ. ಎಷ್ಟು ತಿರುಗಿಸಿದರೂ ರವೆ ಉಳಿಯಿತು, ಕುಂಚದ ತುದಿಯಲ್ಲಿ ಸಿಕ್ಕಿಕೊಂಡಿತು. ಒರಳಿನಲ್ಲಿ ಸ್ವಲ್ಪ ಸ್ವಲ್ಪವೇ ನೀರು ಹಾಕಿ ಮುಕ್ಕಾಲು ಗಂಟೆ ಅರೆದು, ಹಳೆಯ ಪಂಚೆಯ ತುಂಡಿನಲ್ಲಿ ಹಿಂಡಿ ಸೋಸಿದ್ದು ಸರಿಯಾಯಿತು. ಹದ ಎಂದರೆ ನೀರುದೋಸೆಯ ಹಿಟ್ಟಿಗಿಂತ ತುಸು ಗಟ್ಟಿ. ಉಗುರಿನ ಮೇಲೆ ಒಂದು ಹನಿ ಬಿಟ್ಟು ಓರೆ ಮಾಡಿದರೆ ಅದು ನಿಧಾನವಾಗಿ ಜಾರಬೇಕು, ಓಡಬಾರದು.

ಇಲ್ಲಿ ಆರಂಭದವರನ್ನು ಹಾದಿ ತಪ್ಪಿಸುವ ಸಂಗತಿ ಒಂದಿದೆ. ಅಕ್ಕಿಯ ಬಿಳಿ ಒದ್ದೆಯಾಗಿರುವಾಗ ಬಿಳಿಯಾಗಿ ಕಾಣುವುದಿಲ್ಲ. ಎಳೆದ ಕೂಡಲೇ ಕೆಮ್ಮಣ್ಣಿನ ಮೇಲೆ ಬೂದು ಬಣ್ಣದ, ಅರೆಪಾರದರ್ಶಕ ಗೀರು. ಕೆಳಗಿನ ಕೆಂಪು ಕಾಣುತ್ತಲೇ ಇರುತ್ತದೆ. ಎರಡು ಮೂರು ನಿಮಿಷಗಳಲ್ಲಿ ಎಳೆಯ ಅಂಚಿನಿಂದ ಒಳಕ್ಕೆ ಬಿಳುಪು ಏರುತ್ತ ಬಂದು, ಪೂರ್ತಿ ಒಣಗಿದಾಗ ಅಚ್ಚ ಬಿಳಿ. ಇದು ಗೊತ್ತಿಲ್ಲದೆ ಎಳೆ ತೆಳುವಾಯಿತೆಂದು ಅದರ ಮೇಲೆ ಇನ್ನೊಮ್ಮೆ ಎಳೆದೆ. ಒಣಗಿದ ಮೇಲೆ ಅಲ್ಲಿ ಎರಡು ಪಟ್ಟು ದಪ್ಪದ, ಅಂಚು ಹರಿದ ಎಳೆ ಉಳಿಯಿತು. ಬರೆದದ್ದು ಸರಿಯಿದೆಯೇ ಎಂದು ತಿಳಿಯಲು ಕಾಯಲೇಬೇಕು. ಅಮ್ಮ ಒಂದು ಸಾಲು ಬರೆದು ಬುಟ್ಟಿ ತಿರುಗಿಸಿ ಎದುರಿನ ಮಗ್ಗುಲಲ್ಲಿ ಇನ್ನೊಂದು ಸಾಲು ಬರೆಯುತ್ತಿದ್ದುದು ಏಕೆಂದು ಆಗ ಅರ್ಥವಾಯಿತು: ಮೊದಲನೆಯದು ಒಣಗಿ ಬಣ್ಣ ತೋರಿಸುವವರೆಗೆ ಕೈ ಬೇರೆ ಕಡೆ ದುಡಿಯುತ್ತಿರುತ್ತದೆ.

ಸುಣ್ಣವನ್ನೂ ನೋಡಿದೆ, ಬಿಳಿ ಇನ್ನೂ ಕಣ್ಣು ಕುಕ್ಕುವಂತೆ ಬರಲಿ ಎಂಬ ಆಸೆ. ಚಿಕ್ಕ ಬುಟ್ಟಿಯ ಬಾಯಂಚಿಗೆ ಸುಣ್ಣದ ಪಟ್ಟಿ ಎಳೆದು, ಅದಕ್ಕೆ ತಾಗಿದಂತೆ ಅರಿಶಿನದ ಚುಕ್ಕಿ ಇಟ್ಟೆ. ಚುಕ್ಕಿಗಳು ಸುಣ್ಣ ತಾಗಿದ ಕಡೆಯಿಂದ ಕೆಂಪಾದವು. ಆರತಿಗೆ ಓಕುಳಿ ಮಾಡುವ ಪ್ರತಿಯೊಂದು ಮನೆಯಲ್ಲೂ ಗೊತ್ತಿರುವ ವಿಷಯವೇ; ಬಣ್ಣದ ಬಟ್ಟಲಿನಲ್ಲಿ ಅದು ನೆನಪಿಗೆ ಬರಲಿಲ್ಲ. ಅರಿಶಿನ ಬಳಸುವಲ್ಲಿ ಸುಣ್ಣ ಬೇಡ.

ಕುಂಚದ ವಿಷಯ. ತಂದಿದ್ದ ಸೊನ್ನೆ ನಂಬರಿನ ಕುಂಚ ಅಕ್ಕಿಯ ಬಿಳಿಯನ್ನು ಹಿಡಿದಿಡಲಿಲ್ಲ. ಅದ್ದಿ ಇಟ್ಟ ಕಡೆ ಒಂದು ಬೊಟ್ಟು, ನಂತರ ಎರಡು ಅಂಗುಲ ಎಳೆ, ಆಮೇಲೆ ಒಣ ಗೀರು. ಪುಂಡಿ ನಾರಿನ ಕುಂಚವನ್ನು ಹೀಗೆ ಮಾಡಿದೆ: ನಾಲ್ಕು ಅಂಗುಲದ ನಾರಿನ ಎಳೆಗಳನ್ನು ಒಟ್ಟಿಗೆ ಹಿಡಿದು, ತುದಿಯ ಒಂದು ಅಂಗುಲವನ್ನು ಒದ್ದೆ ಮಾಡಿ ಕಲ್ಲಿನ ಮೇಲೆ ಮೆಲ್ಲಗೆ ಜಜ್ಜಿ, ಉಗುರಿನಿಂದ ಬಿಡಿಸಿ, ಮೇಲ್ಭಾಗವನ್ನು ದಾರದಿಂದ ಬಿಗಿಯಾಗಿ ಸುತ್ತಿದೆ. ಜಜ್ಜುವಾಗ ಕೈ ಜೋರಾದರೆ ನಾರು ಕಡಿದು ಕುಂಚ ಮೊಂಡಾಗುತ್ತದೆ. ನನ್ನ ಮೊದಲಿನ ಕುಂಚಗಳು ಹಾಗೆ ಹಾಳಾದವು. ಉಳಿದವುಗಳಲ್ಲಿ ಒಂದು ಮೂರು ನಾರಿನದು, ಒಂದು ಏಳೆಂಟು ನಾರಿನದು. ಬರೆಯುವ ಮೊದಲು ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಯಬೇಕು. ನೆನೆದ ನಾರು ಉದ್ದಕ್ಕೂ ಬಿಳಿಯನ್ನು ಹೀರಿಟ್ಟುಕೊಂಡು, ಒಂದೇ ಅದ್ದುವಿಕೆಗೆ ಒಂದು ಗೇಣು ಎಳೆ ಕೊಡುತ್ತದೆ. ಪೆನ್ಸಿಲಿನಂತೆ ನೆಟ್ಟಗೆ ಹಿಡಿದರೆ ಇದು ನಡೆಯುವುದಿಲ್ಲ. ಕುಂಚದ ಮೈಯನ್ನು ಬುಟ್ಟಿಯ ಮೇಲೆ ಮಲಗಿಸಿ ನಮ್ಮ ಕಡೆಗೆ ಎಳೆದುಕೊಳ್ಳಬೇಕು. ಕೈಗಿಂತ ಹೆಚ್ಚಾಗಿ ಬುಟ್ಟಿ ತಿರುಗಬೇಕು.

ತ್ರಯೋದಶಿ: ಎಳೆಗಳು

ಮೊದಲು ಲೆಕ್ಕ ತಪ್ಪಿದ ಕಥೆ. ನಾನು ಗ್ರಾಫ್ ಹಾಳೆಯಲ್ಲಿ ವಿನ್ಯಾಸ ಬರೆದು ತಂದಿದ್ದೆ: ಬಾಯಿಯ ಸುತ್ತಳತೆ 44 ಅಂಗುಲ, ಎಂಟು ಭಾಗ, ಒಂದೊಂದು ಭಾಗ ಐದೂವರೆ ಅಂಗುಲದ ಚೌಕ. ಹಾಳೆ ಚಪ್ಪಟೆ, ಬುಟ್ಟಿ ಹಾಗಲ್ಲ. ಬುಡದ ಸುತ್ತಳತೆ 31 ಅಂಗುಲಕ್ಕೆ ಸ್ವಲ್ಪ ಹೆಚ್ಚು. ಅಲ್ಲಿ ಒಂದು ಭಾಗಕ್ಕೆ ಸಿಗುವುದು ನಾಲ್ಕು ಅಂಗುಲವೂ ಇಲ್ಲ. ನೇರ ಕೆಳಕ್ಕೆ ಎಳೆದ ಗೆರೆಗಳು ಕೊನೆಗೆ ಒಂದರ ಮೇಲೊಂದು ಬರತೊಡಗಿದವು, ಸುತ್ತು ಮುಗಿಯುವ ಜಾಗದಲ್ಲಿ ಅರ್ಧ ಚೌಕ ಉಳಿಯಿತು. ಒದ್ದೆ ಬಟ್ಟೆಯಿಂದ ಒರೆಸಿ, ಆ ಪಕ್ಕಕ್ಕೆ ಮತ್ತೆ ಕೆಮ್ಮಣ್ಣು ಬಳಿಯಬೇಕಾಯಿತು.

ಅಮ್ಮ ಸ್ಕೇಲು ಮುಟ್ಟುವುದಿಲ್ಲ. ಬುಟ್ಟಿಯ ಬಾಯಿಗೆ ಒಂದು ದಾರ ಸುತ್ತಿ ಕತ್ತರಿಸಿದರು. ಅದನ್ನು ಎರಡಾಗಿ ಮಡಿಸಿ, ಮತ್ತೆ ಎರಡಾಗಿ, ಮತ್ತೆ ಎರಡಾಗಿ ಮಡಿಸಿ, ಮಡಿಕೆಯ ತುದಿಗಳಿಗೆ ಮಸಿ ಮುಟ್ಟಿಸಿದರು. ದಾರ ಬಿಚ್ಚಿ ಬುಟ್ಟಿಗೆ ಸುತ್ತಿದರೆ ಎಂಟು ಗುರುತು. ಬುಡಕ್ಕೆ ಇನ್ನೊಂದು ದಾರ, ಅದೇ ಮಡಿಕೆ, ಎಂಟು ಗುರುತು. ಮೇಲಿನ ಗುರುತನ್ನು ಕೆಳಗಿನ ಗುರುತಿಗೆ ಸೇರಿಸಿದರೆ ಗೆರೆಗಳು ತಾವಾಗಿಯೇ ಬುಡದ ಕಡೆಗೆ ಒತ್ತಾಗುತ್ತ ಹೋಗುತ್ತವೆ. ಬುಟ್ಟಿ ಯಾವ ಅಳತೆಯದಾದರೂ ಈ ದಾರ ತಪ್ಪುವುದಿಲ್ಲ.

ಬರೆದ ಕ್ರಮ: ಬಾಯಂಚಿಗೆ ಸುತ್ತಲೂ ಎರಡು ಎಳೆ, ನಡುವೆ ಓರೆಗೆರೆಗಳ ಸಾಲು. ಬುಡಕ್ಕೂ ಹಾಗೆಯೇ. ನಂತರ ಎಂಟು ಕಂಬಗಳು, ಪ್ರತಿಯೊಂದೂ ಜೋಡಿ ಎಳೆ. ಕಂಬಗಳ ನಡುವಿನ ಚೌಕಗಳಲ್ಲಿ ಭತ್ತದ ಸಸಿ, ಏಣಿ, ಎತ್ತಿನ ಗಾಡಿ, ಹಕ್ಕಿ, ಸೂರ್ಯ, ಚಂದ್ರ. ಭತ್ತದ ಸಸಿ ಸುಲಭ ಎಂದು ಅದರಿಂದಲೇ ಶುರು ಮಾಡಿದೆ. ಒಂದು ನಡುಗೆರೆ, ಎರಡು ಕಡೆಗೂ ಬಾಗಿದ ಎಲೆಗಳು. ಒಂದು ಸಸಿ ಬರೆಯುವುದು ನಿಜಕ್ಕೂ ಸುಲಭ. ಕಷ್ಟ ಇರುವುದು ಸಾಲಿನಲ್ಲಿ. ಪಕ್ಕದ ಸಸಿಯ ಎತ್ತರ, ಬಾಗು, ನಡುವಿನ ಕೆಂಪು ಜಾಗ ಇವೆಲ್ಲ ಒಂದೇ ಆಗಿರಬೇಕು. ನಾನು ಬಿಳಿಯನ್ನು ನೋಡುತ್ತ ಬರೆಯುತ್ತಿದ್ದೆ. "ಹುಡುಗಿ, ಕೆಂಪನ್ನು ನೋಡು," ಎಂದರು ಅಮ್ಮ. ಎಳೆಗಳ ನಡುವೆ ಉಳಿಯುವ ಕೆಂಪಿನ ಅಗಲವನ್ನು ಕಣ್ಣಿಟ್ಟು ಕಾಪಾಡಿದರೆ ಬಿಳಿಯ ಎಳೆ ತಾನಾಗಿ ಸರಿಯಾದ ಕಡೆ ಬೀಳುತ್ತದೆ. ತರಗತಿಯಲ್ಲಿ ಕುರ್ಚಿಯ ಕಾಲುಗಳ ನಡುವಿನ ಖಾಲಿ ಜಾಗವನ್ನು ಬರೆಯಿರಿ ಎಂದು ಮಾಡಿಸಿದ ಅಭ್ಯಾಸವೂ ಇದೇ ಎಂದು ಹೊಳೆದದ್ದು ಇಲ್ಲಿ. ಅದಾದ ಮೇಲಿನ ಮೂರು ಚೌಕಗಳು ಈ ಬುಟ್ಟಿಯ ಒಳ್ಳೆಯ ಭಾಗ. ಯಾರಾದರೂ ನೋಡಲು ಬಂದರೆ ಆ ಪಕ್ಕವನ್ನೇ ತಿರುಗಿಸಿ ಇಡುತ್ತೇನೆ.

ಹಿಂದಿನ ದಿನದ ಬಿಳಿಯನ್ನು ಮಧ್ಯಾಹ್ನ ಬಳಸಿದ್ದು ತಪ್ಪಾಯಿತು. ಹುಳಿ ಬಂದು ಸಣ್ಣ ಗುಳ್ಳೆ ಎದ್ದಿತ್ತು. ಬರೆದಾಗ ಏನೂ ಕಾಣಲಿಲ್ಲ. ಒಣಗಿದ ಮೇಲೆ ಗುಳ್ಳೆಗಳು ಒಡೆದು ಎಳೆಯ ತುಂಬ ಸೂಜಿಮೊನೆಯಷ್ಟು ತೂತು, ಎರಡು ಹಕ್ಕಿಗಳ ರೆಕ್ಕೆ ಉದುರಿತು. ದಿನಕ್ಕೆ ಒಂದು ಹಿಡಿ ಅಕ್ಕಿ ಮಾತ್ರ ಅರೆಯಬೇಕು, ಸಂಜೆಗೆ ಉಳಿದದ್ದನ್ನು ದೋಸೆಗೆ ಹಾಕಬೇಕು.

ಚತುರ್ದಶಿ: ಕಪ್ಪು, ಹಳದಿ

ಕಪ್ಪಿಗೆ ಮೊದಲು ಪಾತ್ರೆಯ ತಳದ ಮಸಿ ಕೆರೆದು ನೀರಿಗೆ ಹಾಕಿದೆ. ಅದರಲ್ಲಿ ಜಿಡ್ಡು ಇರುವುದರಿಂದ ನೀರಿನ ಮೇಲೆ ತೇಲಿತು, ಕಲಸಿದಷ್ಟೂ ಬೆರಳಿಗೆ ಅಂಟಿತು. ಅಕ್ಕಿಯನ್ನೇ ಸುಡಬೇಕು. ಕಬ್ಬಿಣದ ಬಾಣಲೆಯಲ್ಲಿ ಒಂದು ಹಿಡಿ ಅಕ್ಕಿಯನ್ನು ಹೊಗೆ ಎದ್ದು ನಿಲ್ಲುವವರೆಗೆ ಹುರಿದೆ. ಮೇಲೆ ಕಪ್ಪಾದದ್ದನ್ನು ಕಂಡು ಇಳಿಸಿಬಿಟ್ಟಿದ್ದರಿಂದ, ಅರೆದಾಗ ಕಾಫಿ ಬಣ್ಣ ಬಂತು. ಒಂದು ಕಾಳು ಮುರಿದು ನೋಡಿದರೆ ಒಳಗೆ ಇನ್ನೂ ಕಂದು. ಮತ್ತೆ ಒಲೆಗೇರಿಸಿ, ಮುರಿದ ಕಾಳಿನ ಒಳಗೂ ಕಪ್ಪು ಕಂಡ ಮೇಲೆ ಇಳಿಸಿ, ಒರಳಿನಲ್ಲಿ ಗಂಜಿ ತಿಳಿಯ ಜೊತೆ ಅರೆದೆ. ಕಂಬಗಳ ಜೋಡಿ ಎಳೆಗಳ ನಡುವೆ ಈ ಕಪ್ಪನ್ನು ತುಂಬಿದ ಕೂಡಲೇ ಬಿಳಿ ಎದ್ದು ಕಂಡಿತು. ಒಂದು ಕಡೆ ಕಪ್ಪು ಬಿಳಿಯ ಮೇಲೆ ಹರಿದಿದೆ. ಬಿಳಿ ಪೂರ್ತಿ ಒಣಗುವ ಮೊದಲೇ ತುಂಬಿದ್ದು ಕಾರಣ.

ಹಳದಿಗೆ ಗುರಿಗೆ ಎಂಬ ಮರದ ಬೀಜ ಬಳಸುವುದು ಪದ್ಧತಿ. ಈ ಸಲ ಸಿಗಲಿಲ್ಲ. ಸೂರ್ಯನಿಗೆ ಮಾತ್ರ ಗಂಜಿ ತಿಳಿಯಲ್ಲಿ ಕಲಸಿದ ಅರಿಶಿನ ಹಚ್ಚಿದೆ. ಅರಿಶಿನ ಬೆಳಕಿಗೆ ಮಾಸುವ ಬಣ್ಣ, ತಾತ್ಕಾಲಿಕವೆಂದೇ ಹಚ್ಚಿದ್ದು.

ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಮಲಗಲಿಲ್ಲ. ಕಡುಬು, ಬೆರಕೆ ಸೊಪ್ಪಿನ ಅಡುಗೆ ಎಂದು ಒಲೆ ಉರಿಯುತ್ತಲೇ ಇತ್ತು. ಬೆಳಗಿನ ಜಾವ ಅಮ್ಮನ ಬುಟ್ಟಿ ಅಡುಗೆ ತುಂಬಿಕೊಂಡು ಗದ್ದೆಗೆ ಹೊರಟಿತು. ನನ್ನದರಲ್ಲಿ ಬಾಳೆ ಎಲೆ ಮತ್ತು ತೆಂಗಿನಕಾಯಿ ಹಾಕಿ ನನ್ನ ಕೈಗೇ ಕೊಟ್ಟರು. ಗದ್ದೆಯ ಬದುವಿನ ಇಬ್ಬನಿಗೆ ಬುಡ ತಾಗಿ ಒದ್ದೆಯಾದರೂ ಬಣ್ಣ ಹರಿಯಲಿಲ್ಲ. ಗಂಜಿ ತಿಳಿ ಅಲ್ಲಿಯೂ ಕೆಲಸ ಮಾಡಿತು.

ಖರ್ಚು

ಎರಡು ಬುಟ್ಟಿ 400 ರೂಪಾಯಿ, ಅಂಟು 30, ಸುಣ್ಣ 15, ಬಳಸಲಾಗದ ಕುಂಚ 40. ಒಟ್ಟು 485. ಅಂಟು, ಸುಣ್ಣ, ಕುಂಚ ಮೂರೂ ಬೇಕಿರಲಿಲ್ಲ. ಅಕ್ಕಿ, ಅರಿಶಿನ, ಸಗಣಿ, ನಾರು ಮನೆಯವು. ಒಬ್ಬರು ಒಂದೇ ಬುಟ್ಟಿ ಮಾಡಿದರೆ 300 ರೂಪಾಯಿಯೊಳಗೆ ಮುಗಿಯುತ್ತದೆ. ಮಣ್ಣು ತೆಳೆಯಲು, ಸಗಣಿ ಒಣಗಲು ಬೇಕಾಗುವ ದಿನಗಳನ್ನು ಮಾತ್ರ ಯಾವುದರಿಂದಲೂ ಕಡಿಮೆ ಮಾಡಲಾಗುವುದಿಲ್ಲ.

ಈಗಿನ ಸ್ಥಿತಿ, ಉಳಿದ ಕೆಲಸ

ಬಸ್ಸಿನಲ್ಲಿ ತರುವಾಗ ಬುಡ ಉಜ್ಜಿ, ಹೆಬ್ಬೆರಳಿನ ಅಗಲದಷ್ಟು ಸಗಣಿ ಉದುರಿತು. ಹಾಸ್ಟೆಲಿನಲ್ಲಿ ಸಗಣಿ, ಮಣ್ಣು ತಂದು ತೇಪೆ ಹಾಕಿದೆ. ತೇಪೆ ನಿಂತಿದೆ, ಬಣ್ಣ ಕೂಡಿಲ್ಲ. ಇಲ್ಲಿನ ಮಣ್ಣು ಧರೆಯ ಮಣ್ಣಿಗಿಂತ ಹಳದಿಗೆ ತಿರುಗಿದ ಕೆಂಪು. ತೆಳೆದ ಕೆಮ್ಮಣ್ಣು ಉಳಿದದ್ದನ್ನು ಒಣಗಿಸಿ ಡಬ್ಬಿಯಲ್ಲಿ ತಂದಿದ್ದರೆ ಈ ತೊಂದರೆ ಇರುತ್ತಿರಲಿಲ್ಲ. ಗೆಳತಿ ಮುಂದಿನ ವಾರ ಊರಿಂದ ಬರುವಾಗ ಒಂದು ಡಬ್ಬಿ ತರುತ್ತಾಳೆ.

ಇನ್ನೊಂದು ಸಮಸ್ಯೆ ಇರುವೆ. ಬರೆದದ್ದೆಲ್ಲ ಅಕ್ಕಿ, ಕೂಡಿಸಿದ್ದೆಲ್ಲ ಗಂಜಿ. ಅಮ್ಮನ ಮನೆಯಲ್ಲಿ ಬುಟ್ಟಿ ಅಟ್ಟದ ಹೊಗೆಯಲ್ಲಿ ಇರುವುದರಿಂದ ಯಾವ ಹುಳವೂ ಹತ್ತಿರ ಬರುವುದಿಲ್ಲ. ಹಾಸ್ಟೆಲಿನಲ್ಲಿ ಒಲೆಯಿಲ್ಲ. ಸದ್ಯಕ್ಕೆ ಕಿಟಕಿಯ ಮೇಲಿನ ಕೊಕ್ಕೆಗೆ, ಗೋಡೆ ತಾಗದಂತೆ ತೂಗುಹಾಕಿದ್ದೇನೆ.

ಗುರಿಗೆ ಹಳದಿಗಾಗಿ ಎರಡು ಚೌಕಗಳನ್ನು ಬರೆಯದೆ ಬಿಟ್ಟಿದ್ದೇನೆ. ಬೀಜ ಸಿಕ್ಕ ಮೇಲೆ ಅವೆರಡನ್ನೂ ಬರೆದು, ಸೂರ್ಯನ ಅರಿಶಿನವನ್ನು ಕೆರೆದು ಅದಕ್ಕೂ ಅದೇ ಹಳದಿ ಹಚ್ಚಬೇಕು. ಅಲ್ಲಿಯವರೆಗೆ ಕೈ ತಪ್ಪದಿರಲೆಂದು, ಹಳೆಯ ರಟ್ಟಿಗೆ ಕೆಮ್ಮಣ್ಣು ಬಳಿದು ದಿನಕ್ಕೊಂದು ಸಾಲು ಭತ್ತದ ಸಸಿ ಬರೆಯುತ್ತಿದ್ದೇನೆ.